ಪ್ರೇಮಿ ಇಲ್ಲದವಳ ‘ಬೇಡ’ಕ್ಕೂ ಒಂದು ಕಥೆ ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಟಿ.ವಿ.ಯಲ್ಲಿ ‘ಮುಂಗಾರು ಮಳೆ’ ಬಂದಿತ್ತು. ಎಷ್ಟನೆಯ ಸಲವೋ ಗೊತ್ತಿಲ್ಲ, ಮನೆಮಂದಿಯೆಲ್ಲ ಕುಳಿತು ನೋಡಿದೆವು. ಪ್ರೀತಮ್ ತನ್ನ ಪ್ರೀತಿಯನ್ನು ಬಿಟ್ಟುಕೊಟ್ಟು ಹೊರಟಾಗ ಎಲ್ಲರ ಕಣ್ಣೂ ಒದ್ದೆಯಾಯಿತು. ಡಿಗ್ರಿ ಓದುತ್ತಿರುವ ನನ್ನ ಮೊಮ್ಮಗಳು ಮಾತ್ರ, ‘ಅಜ್ಜಿ, ನಂದಿನಿಯನ್ನು ಯಾರೂ ಕೇಳಲೇ ಇಲ್ಲವಲ್ಲ’ ಎಂದಳು.

ಹೌದಲ್ಲ! ಮದುವೆ ನಂದಿನಿಯದು. ಆದರೆ ಅದು ನಡೆಯಬೇಕೋ ಬೇಡವೋ ಎಂಬುದು ಇತ್ಯರ್ಥವಾಗುವುದು ಅವಳ ಹೃದ್ರೋಗಿ ತಂದೆಯ ಮಾತು ಕೇಳಿದ ಪ್ರೀತಮ್‌ನ ಮನಸ್ಸಿನಲ್ಲಿ. ಅದಕ್ಕೆ 34 ವರ್ಷ ಹಿಂದೆ, 1972ರಲ್ಲಿ ಬಂದ ‘ನಾಗರಹಾವು’ ಚಿತ್ರದಲ್ಲಿ ಆಗಿದ್ದೂ ಇದೇ. ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅವಳನ್ನು ಬೇರೊಬ್ಬನಿಗೆ ಕೊಟ್ಟು ಮದುವೆ ಮಾಡುತ್ತಾರೆ, ಆ ಗಂಡ ಅವಳನ್ನು ವೇಶ್ಯಾವಾಟಿಕೆಗೆ ತಳ್ಳುತ್ತಾನೆ. ಗುರುವಿಗೂ ಶಿಷ್ಯನಿಗೂ ನಡುವೆ ನಡೆದ ಒಪ್ಪಂದದ ಬೆಲೆಯನ್ನು ತೆತ್ತವಳು ಅಲಮೇಲು. ತ್ಯಾಗಿ ಎಂದು ನಾವು ಇಂದಿಗೂ ಕೊಂಡಾಡುವುದು ರಾಮಾಚಾರಿಯನ್ನು.

ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ನಮ್ಮ ಸಿನಿಮಾಗಳಲ್ಲಿ ಹುಡುಗಿ ಮದುವೆ ಬೇಡವೆಂದರೆ ಅವಳ ಹಿಂದೆ ಒಬ್ಬ ಪ್ರೇಮಿ ಇರಲೇಬೇಕು. 2007ರ ‘ಮಿಲನ’ದ ಅಂಜಲಿ ಮೊದಲ ರಾತ್ರಿಯೇ ಗಂಡನ ಮುಂದೆ ವಿಚ್ಛೇದನ ಕೇಳುತ್ತಾಳೆ. ಆ ಗಂಡ ಸಿಟ್ಟಾಗದೆ ಕೇಳಿಸಿಕೊಳ್ಳುತ್ತಾನೆ, ಅದು ನನಗೆ ಬಹಳ ಹಿಡಿಸಿತ್ತು. ಅಲ್ಲಿಯೂ ಕಾರಣ ಇನ್ನೊಬ್ಬ ಹುಡುಗನೇ. ಪ್ರೇಮಿ ಇದ್ದರೆ ಬಲವಂತ ಅನ್ಯಾಯ, ಇಲ್ಲದಿದ್ದರೆ ಅದು ಬಲವಂತವೇ ಅಲ್ಲ ಎಂದಾಯಿತೇ?

ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. 1970ರ ಮಾತು. ನನ್ನ ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಶಿಕ್ಷಕಿಯ ತರಬೇತಿಗೆ ಸೇರುವ ಆಸೆ ಅವಳಿಗೆ. ಅವಳನ್ನು ಸೋದರಮಾವನಿಗೆ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವನಿಗೂ ಅವಳಿಗೂ ಹನ್ನೆರಡು ವರ್ಷದ ಅಂತರ. ಅಕ್ಕ ಬೇಡವೆಂದಳು. ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯೇನೇ?’ ಇಲ್ಲ ಎಂದಳು. ‘ಮತ್ತೇನು ದಾಡಿ ನಿನಗೆ?’ ಓದಬೇಕೆಂಬುದು ಕಾರಣವಾಗಿ ಯಾರ ಕಿವಿಗೂ ಬೀಳಲಿಲ್ಲ. ಅಮ್ಮ ಊಟ ಬಿಟ್ಟಳು. ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಅಕ್ಕ ಎಲೆ ಹಾಕಿ ಬಡಿಸಿ, ‘ಆಯಿತಮ್ಮ, ಊಟ ಮಾಡು’ ಎಂದಳು. ಸಂಜೆಯೊಳಗೆ ‘ಹುಡುಗಿ ಒಪ್ಪಿದಳು’ ಎಂದು ಅಕ್ಕಪಕ್ಕದ ಮನೆಗಳಿಗೆ ಸಕ್ಕರೆ ಹಂಚಿದರು.

ಮಾವ ಒಳ್ಳೆಯವರು. ಒಂದು ದಿನವೂ ಅಕ್ಕನ ಮೇಲೆ ದನಿ ಏರಿಸಿದವರಲ್ಲ. ಈ ಕಥೆಯಲ್ಲಿ ಖಳನಾಯಕನೇ ಇಲ್ಲ, ಆದ್ದರಿಂದಲೇ ಇದು ಸಿನಿಮಾ ಆಗುವುದಿಲ್ಲವೇನೋ.

ಹಿರಿಯರು ನೋಡಿ ಮಾಡುವ ಮದುವೆಯೆಲ್ಲ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನದೂ ಅಂಥದ್ದೇ. ಅಕ್ಕನ ಮುಖ ನೋಡಿ ಪಾಠ ಕಲಿತಿದ್ದ ಅಪ್ಪ, ಮೊದಲು ಬಂದ ಗಂಡನ್ನು ನಾನು ಒಲ್ಲೆನೆಂದಾಗ ಮರುಮಾತಿಲ್ಲದೆ ಕೈಬಿಟ್ಟರು. ಬೇಡ ಎನ್ನುವ ಅವಕಾಶ ನನಗಿತ್ತು, ಅಕ್ಕನಿಗೆ ಇರಲಿಲ್ಲ.

ಕಾಯ್ದೆ ಇದೆ, ನಿಜ. ಬಲವಂತದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸುವಂತೆ 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಅಡಿ ಕೋರ್ಟಿಗೆ ಹೋಗಬಹುದು, ಆದರೆ ಬಲವಂತ ಕೊನೆಗೊಂಡ ಒಂದು ವರ್ಷದೊಳಗೆ. ವಯಸ್ಕರಿಬ್ಬರು ಮದುವೆಯಾಗಲು ಕುಟುಂಬದ ಅಥವಾ ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ತಾಯಿಯ ಉಪವಾಸವನ್ನು, ತಂದೆಯ ಮೌನವನ್ನು, ‘ಜನ ಏನಂದಾರು’ ಎಂಬ ಅಜ್ಜಿಯ ನಿಟ್ಟುಸಿರನ್ನು ಯಾವ ಹುಡುಗಿ ಕೋರ್ಟಿನ ಮುಂದೆ ಹಿಡಿದು ತೋರಿಸಿಯಾಳು? ಇದನ್ನು ತೋರಿಸಲು ಸಿನಿಮಾಕ್ಕೆ ಆಗುತ್ತದೆ. ಆಗುತ್ತದೆ ಎಂಬುದಕ್ಕೆ 1967ರ ‘ಬೆಳ್ಳಿಮೋಡ’ ನೆನೆಯುತ್ತೇನೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. ಇಂದಿರಾಳಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಮೋಹನ್ ನಿಶ್ಚಯವಾದ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಮನಸ್ಸು ಬದಲಿಸಿದ ಅವನು ಮದುವೆಯಾಗೋಣ ಎಂದಾಗ ಒಲ್ಲೆ ಎನ್ನುತ್ತಾಳೆ. ಅವಳಿಗಾಗಿ ಬೇರೆ ಯಾವ ಹುಡುಗನೂ ಕಾದು ನಿಂತಿಲ್ಲ. ಬೇಡ, ಅಷ್ಟೇ. ಕಲ್ಪನಾ ಅವರ ಆ ಮುಖವನ್ನು ಮರೆಯುವುದುಂಟೇ?

ಆ ಇಂದಿರಾಳಿಗೆ ತಂಗಿಯರು ಹೆಚ್ಚು ಹುಟ್ಟಲಿಲ್ಲ. ಇಂದು ಕನ್ನಡದಲ್ಲಿ ಸಿನಿಮಾ ಮಾಡುತ್ತಿರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಬೇಡಿಕೆ. ಪ್ರೇಮಿ ಇಲ್ಲದ, ಓಡಿಹೋಗದ, ಸುಮ್ಮನೆ ಮದುವೆ ಬೇಡವೆನ್ನುವ ಹುಡುಗಿಯ ಕಥೆ ಹೇಳಿ. ಎಲೆಯ ಮುಂದೆ ಕುಳಿತು ಅಮ್ಮ ಅನ್ನ ಕಲಸುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತ ಮಗಳ ಮುಖವನ್ನು ತೋರಿಸಿ. ಅಕ್ಕನಿಗೆ ಈಗ ಎಪ್ಪತ್ತೆರಡು. ಅಂಥ ಸಿನಿಮಾ ಬಂದರೆ ಅವಳ ಕೈಹಿಡಿದು ನಾನೇ ಥಿಯೇಟರಿಗೆ ಕರೆದುಕೊಂಡು ಹೋಗುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ