ಫಲಕದ ಕರಡು ನೋಡಿ ಅತ್ತಿಗೆಗೆ ಬರೆದದ್ದು

ಲಂಡನ್

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಹಾಸನದ ನಿಮ್ಮ ವಾಚನಾಲಯಕ್ಕೆ ಲೇಖಕಿ ನಂಜನಗೂಡು ತಿರುಮಲಾಂಬಾ ಅವರ ಹೆಸರಿನ ಫಲಕ ಬರುತ್ತಿರುವುದು ಬಹಳ ಸಂತೋಷ. ಕರಡಿನ ಹನ್ನೊಂದು ಸಾಲಿನಲ್ಲಿ ಆರು ಸಾಲು ಉದ್ಘಾಟಕರು, ಅಧ್ಯಕ್ಷರು, ದಾನಿಗಳದ್ದೇ ಆಗಿದೆ. ದಯವಿಟ್ಟು ಅವನ್ನು ಒಳಗೋಡೆಯ ಬೇರೆ ಸಣ್ಣ ಕಲ್ಲಿಗೆ ಹಾಕಿಸಿ. ಇವರ ಕಲ್ಲಿನಲ್ಲಿ ಇವರೊಬ್ಬರೇ ಇರಲಿ.

ಇಲ್ಲಿ ಮನೆಗಳಿಗೆ ಫಲಕ ಹಾಕುವ ಪದ್ಧತಿ 1867ರಿಂದ ಇದೆ. ಈಗಿನ ನೀಲಿ ಫಲಕದ ಅಗಲ ಹತ್ತೊಂಬತ್ತೂವರೆ ಅಂಗುಲ ಅಷ್ಟೇ: ಹೆಸರು, ಇಸವಿ, ಮಾಡಿದ ಕೆಲಸ, ಆ ಮನೆಯ ನಂಟು. ಇದೇ ಊರಲ್ಲಿ ಹುಟ್ಟಿದ ಕವಯಿತ್ರಿ ಎಲೈಜಾ ಕುಕ್, 1849ರಿಂದ 1854ರವರೆಗೆ ತನ್ನ ಹೆಸರಿನದೇ ಪತ್ರಿಕೆ ನಡೆಸಿದರು. ಅಂಥವರಿಗೂ ‘ಕವಿ, ಪತ್ರಕರ್ತೆ’ ಎಂಬ ಎರಡೇ ಮಾತು ಸಾಕು. ನಮಗೂ ಇಷ್ಟು ಸಾಕೆಂದು ನನ್ನ ಅಭಿಪ್ರಾಯ:

ನಂಜನಗೂಡು ತಿರುಮಲಾಂಬಾ
1887–1982
ಲೇಖಕಿ, ಪತ್ರಕರ್ತೆ, ಪ್ರಕಾಶಕಿ
‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿ
ಅವರ ನೆನಪಿಗೆ

ಅವರು ನಂಜನಗೂಡಿನವರು, ಹಾಗಾಗಿ ‘ಇಲ್ಲಿ’ ಎಂಬ ಪದ ಎಲ್ಲೂ ಬೇಡ. ‘ಮೊದಲ’ ಎನ್ನುವುದೂ ಬೇಡ, ನಾಳೆ ಯಾರೋ ಇನ್ನೊಬ್ಬರನ್ನು ಹುಡುಕಿ ತಂದರೆ ಕಲ್ಲು ತಿದ್ದಲಾಗದು. ತಿರುಮಲಾಂಬ, ತಿರುಮಲಾಂಬಾ ಎರಡೂ ಬಳಕೆಯಲ್ಲಿವೆ. ಅವರ ಪುಸ್ತಕದ ಮೊದಲ ಪುಟದಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೇ ಇಡಿ.

ಹಳೇಬೀಡಿನ ಬಳಪದ ಕಲ್ಲಿನ ಆಸೆ ನನಗೂ ಇದೆ, ಆದರೆ ಕೈಗೆಟಕುವ ಬಾಗಿಲ ಬಳಿ ಅದನ್ನು ಮೊಳೆಯಿಂದಲೂ ಗೀಚಬಹುದು. ಕಪ್ಪು ಗ್ರಾನೈಟ್ ಇರಲಿ: ಎರಡಡಿ ಅಗಲ, ಒಂದೂವರೆ ಅಡಿ ಎತ್ತರ, 20 ಮಿಲಿಮೀಟರ್ ದಪ್ಪ. ತೂಕ ಹದಿನಾರು ಕಿಲೋ ಆಸುಪಾಸು. ಬರೀ ಸಿಮೆಂಟ್ ಗಾರೆಯಲ್ಲಿ ಅಂಟಿಸಿದರೆ ಹಿಂಬದಿಯ ನುಣುಪು ಹಿಡಿತ ಕೊಡುವುದಿಲ್ಲ, ಮಳೆ ನೀರು ಒಳಗಿಳಿದು ಕಲ್ಲು ಕಳಚುತ್ತದೆ. ನಾಲ್ಕು ಮೂಲೆಗೂ ಸ್ಟೇನ್‌ಲೆಸ್ ಸ್ಟೀಲ್ ಪಿನ್ನು, ಜೊತೆಗೆ ಎಪಾಕ್ಸಿ ಅಂಟು ಬೇಕು. ಕಬ್ಬಿಣದ್ದು ತುಕ್ಕು ಹಿಡಿದು ಉಬ್ಬಿ ಮೂಲೆ ಸೀಳುತ್ತದೆ.

ಹೆಚ್ಚು ಕೆಡುವುದು ಅಕ್ಷರದಲ್ಲೇ. ಹೆಸರು ಒಂದೂವರೆ ಅಂಗುಲ, ಉಳಿದದ್ದು ಒಂದಂಗುಲ, ಮೂರು ಮಿಲಿಮೀಟರ್ ಆಳ. ಸಾಲಿನ ನಡುವೆ ಜಾಗ ಬಿಡದಿದ್ದರೆ ‘ತ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತದೆ. ಅಕ್ಷರ ಚಿಕ್ಕದಾದರೆ ಮಹಾಪ್ರಾಣದ ಸೀಳು ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಕೆತ್ತುವವರ ಕಂಪ್ಯೂಟರಿನಲ್ಲಿ ನಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ, ಆದ್ದರಿಂದ ಪಿಡಿಎಫ್ ಮಾಡಿಯೇ ಕೊಡಿ. ಕೆತ್ತುವ ಮುನ್ನ ಕಲ್ಲಿನಳತೆಯದೇ ಕಾಗದದ ಪ್ರಿಂಟ್ ತೆಗೆಸಿ ಬಾಗಿಲ ಪಕ್ಕ ಅಂಟಿಸಿ. ಎಂಟು ಹೆಜ್ಜೆ ದೂರ ನಿಂತು ಅಣ್ಣ ಓದಲಿ, ಇನ್ನೊಬ್ಬರು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಲಿ.

ಅಂಟಿಸಿದ ಪ್ರಿಂಟಿನ ಫೋಟೋ ನನಗೂ ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಕೆತ್ತನೆಗೆ ಕೊಡಬೇಡಿ.

ನಿಮ್ಮ ಮೈದುನ