ಅವತ್ತು ಹೇಳದೆ ಉಳಿದ ಮಾತು

ನಾಪೋಕ್ಲು,
ಸೆಪ್ಟೆಂಬರ್ 8

ಮಗಾ,

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಮುಗಿಯಿತು. ನಮ್ಮ ಹಿರಿಯರ ಐನ್‌ಮನೆಯ ನಡುಮನೆ ನೆಲ್ಲಕ್ಕಿಯಲ್ಲಿ ಕೋವಿಗಳಿಗೆ ತೋಕ್ ಪೂ ಹೂವು ಸಿಕ್ಕಿಸುವಾಗ ನಿನ್ನದೇ ನೆನಪು. ಸೈನ್ಯಕ್ಕೆ ಹೊರಡುವ ದಿನ ನೀನು ಕೇಳಿದ್ದೆ, "ಅಜ್ಜಾ, ಯುದ್ಧದಲ್ಲಿ ಭಯ ಆಗಲಿಲ್ವಾ?" ಅಂತ. ಮನೆ ತುಂಬ ಜನ ಇದ್ದರು, ನಾನು ಸುಮ್ನೆ ನಕ್ಕುಬಿಟ್ಟೆ. ಹಾಗೆ ಮಾಡಬಾರದಿತ್ತು.

ಭಯ ಆಗಿತ್ತು. 1971ರ ಡಿಸೆಂಬರ್, ಪಶ್ಚಿಮ ಗಡಿ. ನಾನು ಸಿಗ್ನಲ್ಸ್‌ನಲ್ಲಿ ಲೈನ್‌ಮನ್. ಶೆಲ್ ಬಿದ್ದು ಟೆಲಿಫೋನ್ ತಂತಿ ತುಂಡಾಗಿತ್ತು. ಮುಂದಿನವರ ಮಾತು ಹಿಂದಿನ ಫಿರಂಗಿಯವರಿಗೆ ತಲುಪುತ್ತಿರಲಿಲ್ಲ. ಕತ್ತಲಲ್ಲಿ ತಂತಿಯನ್ನು ಸವರಿಕೊಂಡು ತೆವಳುತ್ತ ಹೋದೆ. ತುಂಡಾದ ಜಾಗ ಸಿಕ್ಕಿತು. ಕೈ ಎಷ್ಟು ನಡುಗುತ್ತಿತ್ತೆಂದರೆ ಇಕ್ಕಳ ಎರಡು ಸಲ ಜಾರಿ ಬಿತ್ತು. ಕೊನೆಗೆ ತಂತಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಕಚ್ಚಿ ಸುಲಿದೆ. ಬಾಯಿ ತುಂಬ ಮಣ್ಣು. ತುದಿಗಳನ್ನು ಹೊಸೆದು ಫೋನ್ ಹಚ್ಚಿದಾಗ ಆ ಕಡೆಯಿಂದ "ಹಲೋ" ಕೇಳಿಸಿತು. ನಡುಕ ಆಗಲೂ ನಿಂತಿರಲಿಲ್ಲ. ಆದರೆ ಕೆಲಸ ಆಗಿತ್ತು.

ನಿನ್ನೆ ಸೆಪ್ಟೆಂಬರ್ 7. ನಮ್ಮ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರಲ್ಲಿ ಹೋದ ದಿನ. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಮೀಸಲಾಗಿ ಇದ್ದವರು. ಒಂದು ವಿಮಾನಕ್ಕೆ ಹೋಗಲು ಆಗದೆ ಇವರು ಹೊರಟರು. ಅವರದು ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್. ಗುಂಡು ತಿಂದ ವಿಮಾನದಲ್ಲೇ ತಿರುಗಿಬಿದ್ದು ಅದನ್ನು ಹೊಡೆದುರುಳಿಸಿದರು. ವಾಪಸ್ ಬರಲಿಲ್ಲ. ಆ ಕಾದಾಟ ನಮ್ಮ ಕಡೆಯವರಿಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. 23 ವರ್ಷ ಅವರ ಮನೆಯವರು ಹೇಗೆ ಕಳೆದರೋ! ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ದಾಟುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಅದಕ್ಕೇ ಹೇಳ್ತೀನಿ, ಯಾರಾದರೂ ನೋಡಲಿ ಅಂತ ಏನೂ ಮಾಡಬೇಡ. ಪದಕದ ಆಸೆಗೆ ತಲೆ ಎತ್ತಬೇಡ. ಮಲಗು ಅಂದರೆ ಮಲಗು. ಬೇಜಾರಾದರೂ ಟ್ರೆಂಚ್ ಆಳಕ್ಕೆ ಅಗೆ. ಭಯ ಆದರೆ ಪಕ್ಕದವನಿಗೆ ಹೇಳು, ಅವನಿಗೂ ಆಗಿರುತ್ತೆ. ಆದರೆ ನಿನ್ನ ಕೈಗೆ ಬಂದ ಕೆಲಸ ಮಾತ್ರ ಅರ್ಧಕ್ಕೆ ಬಿಡಬೇಡ. ಆ ತಂತಿಯ ಇನ್ನೊಂದು ತುದಿಯಲ್ಲಿ ಯಾರೋ ಕಾಯ್ತಾ ಇರ್ತಾರೆ.

ನನಗೆ ಜಾಸ್ತಿ ಬರೆ. ಅಮ್ಮನಿಗೆ ಎಲ್ಲವನ್ನೂ ಓದಿ ಹೇಳುವುದಿಲ್ಲ. ನಿನ್ನ ಕೋವಿಗೆ ಎಣ್ಣೆ ಹಚ್ಚಿ ಇಟ್ಟಿದ್ದೇನೆ. ರಜೆ ಸಿಕ್ಕರೆ ಹುತ್ತರಿ ಸುಗ್ಗಿ ಹಬ್ಬಕ್ಕೆ ಬಾ. ಕದಿರು ಕೊಯ್ಯುವಾಗ ಗುಂಡು ಹಾರಿಸುವುದು ಈ ಸಲ ನಿನ್ನ ಕೈಯಿಂದಲೇ ಆಗಲಿ.

ನಿನ್ನ ಅಜ್ಜ