ಮಲಯ ಗಟ್ಟಿಯಾಗಿ ಓದುವ ಮುನ್ನ

ಎಲ್ಲರಿಗೂ ನಮಸ್ಕಾರ. ಮಲಯಕ್ಕೂ ಇಂಗ್ಲಿಷಿನ 26 ಅಕ್ಷರಗಳೇ. ಆದರೆ ಇಂಗ್ಲಿಷ್ ಓದಿನ ರೂಢಿ ಇಲ್ಲಿ ನಡೆಯುವುದಿಲ್ಲ. ‘ಸಿ’ ಯಾವಾಗಲೂ ಚಕಾರ: ತೊಳೆಯುವುದಕ್ಕೆ ‘ಚುಚಿ’. 1972ರ ಕಾಗುಣಿತ ಸುಧಾರಣೆಗೆ ಮೊದಲು ಮಲೇಷ್ಯಾದಲ್ಲಿ ಇದನ್ನೇ ‘ಸಿಎಚ್’ ಎಂದು ಬರೆಯುತ್ತಿದ್ದರು. ‘ಟಿ’ ನಮ್ಮ ತಕಾರ, ಟಕಾರವಲ್ಲ.

ಹೆಚ್ಚು ಜನ ಎಡವುವುದು ಇಂಗ್ಲಿಷ್ ವರ್ಣಮಾಲೆಯಲ್ಲಿ ‘ಡಿ’ ಆದಮೇಲೆ ಬರುವ ‘ಇ’ (e) ಅಕ್ಷರದಲ್ಲಿ. ಅದಕ್ಕೆ ಎರಡು ಉಚ್ಚಾರ: ಒಂದು ನಮ್ಮ ‘ಎ’, ಇನ್ನೊಂದು ಬಾಯಿ ಹೆಚ್ಚು ತೆರೆಯದೆ ತೇಲಿಸುವ ಮೊಟಕು ಅಕಾರ. ಬರಹದಲ್ಲಿ ವ್ಯತ್ಯಾಸ ಕಾಣದು. ಕಾಗುಣಿತ ಒಂದೇ ಆದರೂ ‘ಪರಙ್’ ಅಂದರೆ ಯುದ್ಧ, ‘ಪೆರಙ್’ ಅಂದರೆ ಕಂದು ಬಣ್ಣ. ಹೊಸ ಪದ ಬರೆದುಕೊಳ್ಳುವಾಗಲೇ ಗುರುತು ಹಾಕಿಕೊಳ್ಳಿ. ತಿಳಿಯದಿದ್ದರೆ ಮೊಟಕು ಅಕಾರವನ್ನೇ ಹೇಳಿ, ಹೆಚ್ಚಿನ ಪದಗಳಲ್ಲಿ ಇರುವುದು ಅದೇ.

‘ಎನ್‌ಜಿ’ ಅಂದರೆ ಬರೀ ಙ. ಹೂವು ‘ಬುಙ’, ‘ಬುಂಗ’ ಅಲ್ಲ. ಗಕಾರ ಬೇಕಾದಲ್ಲಿ ಇನ್ನೊಂದು ‘ಜಿ’ ಇರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಈ ಅಕ್ಷರಕ್ಕೆ ಅಲ್ಲಿ ದಿನವಿಡೀ ಕೆಲಸ!

ಪದದ ಕೊನೆಗೆ ಉಕಾರ ಸೇರಿಸಬೇಡಿ, ಕನ್ನಡದ ನಾಲಿಗೆಗೆ ಅದು ತಾನಾಗಿ ಬಂದುಬಿಡುತ್ತದೆ. ‘ಸದಾಪ್’ (ರುಚಿಯಾಗಿದೆ) ಅನ್ನುವಾಗ ತುಟಿ ಮುಚ್ಚಿ ಅಲ್ಲೇ ನಿಲ್ಲಿಸಿ. ಕೊನೆಯ ‘ಕೆ’ಯನ್ನು ಗಂಟಲಲ್ಲೇ ತಡೆಯಿರಿ: ಇಲ್ಲ ಎನ್ನುವ ‘ತಿದಾಕ್’ ಕಿವಿಗೆ ‘ತಿದಾ’ ಎಂದೇ ಬೀಳುತ್ತದೆ.